ಎರಡು ತೂತಿನ ಪುರಾಣ

ಯುಗಾದಿಗೆ ಇನ್ನು ನಾಲ್ಕೇ ದಿನ. ತೋರಣ ಕಟ್ಟೋಕೆ ಬಾಗಿಲ ಚೌಕಟ್ಟಿಗೆ ಎರಡು ಕೊಕ್ಕೆ ಬೇಕು, ಬಡಗಿಗೆ ಹೇಳಲಾ ಎಂದಳು ಹೆಂಡತಿ. ಎಂಜಿನಿಯರಿಂಗ್ ಓದಿದವನ ಮನೆಗೆ ಬಡಗಿಯೇ? ಅಟ್ಟದಿಂದ ನನ್ನ ಕಾರ್ಡ್‌ಲೆಸ್ ಡ್ರಿಲ್ ಇಳಿಸಿದೆ. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಮೊದಲ ಕಾರ್ಡ್‌ಲೆಸ್ ಡ್ರಿಲ್ ಮಾಡಿದ್ದು 1961ರಲ್ಲಿ. ನನ್ನದು ಅದರ ಓರಗೆಯದೆಂಬುದು ಮಗಳ ಅಂಬೋಣ.

ಗುಂಡಿ ಅದುಮಿದೆ, ಗುರ್ ಎಂದಿತು. ತೇಗದ ಚೌಕಟ್ಟಿಗೆ ಒತ್ತಿ ಹಿಡಿದೆ. ಹೊಗೆ ಬಂತು, ಸುಟ್ಟ ವಾಸನೆ ಬಂತು. ತೂತೊಂದು ಬರಲಿಲ್ಲ.

‘ಬ್ಯಾಟರಿ ಸೊರಗಿದೆ’ ಎಂದು ರೋಗ ಪತ್ತೆ ಹಚ್ಚಿದೆ. 12 ವೋಲ್ಟಿನ ಪ್ಯಾಕು ಬಿಚ್ಚಿದರೆ ಒಳಗೆ 1.2 ವೋಲ್ಟಿನ ಹತ್ತು ನಿಕೆಲ್-ಕ್ಯಾಡ್ಮಿಯಂ ಸೆಲ್ಲು. ಅವಿಭಕ್ತ ಕುಟುಂಬ, ಒಬ್ಬ ಮಲಗಿದರೆ ಎಲ್ಲರ ಕೆಲಸವೂ ಕುಂಟುತ್ತದೆ. ಬಸ್ಸು ಹಿಡಿದು ಎಸ್.ಪಿ. ರೋಡಿಗೆ ಹೋದೆ. ‘ನೀವೇ ಸಾಲ್ಡರ್ ಹಾಕ್ಬೇಡಿ ಸಾರ್, ಬಿಸಿಗೆ ಸೆಲ್ಲೇ ಹೋಗತ್ತೆ’ ಎಂದು ಅಂಗಡಿಯವನೇ ಪಟ್ಟಿ ವೆಲ್ಡ್ ಮಾಡಿಕೊಟ್ಟ. ಕ್ಯಾಡ್ಮಿಯಂ ವಿಷವೆಂದು ಹಳೆಯ ಸೆಲ್ಲುಗಳನ್ನೂ ಅವನೇ ಇಟ್ಟುಕೊಂಡ. ಮನೆಗೆ ಬಂದು ಒತ್ತಿದೆ. ಹೊಸ ಹುರುಪಿನಲ್ಲಿ ಹೊಗೆ ಎರಡರಷ್ಟು ಬಂತು.

ಹಾಗಾದರೆ ಕೊರೆಯುವ ಮೊನೆ ಹಿಡಿಯುವ ಚಕ್ಕಿನದೇ ದೋಷ. ಅದರ ದವಡೆ ಪೂರ್ತಿ ತೆರೆದರೆ ತಳದಲ್ಲೊಂದು ಸ್ಕ್ರೂ ಕಾಣುತ್ತದೆ. ಎಡಕ್ಕೆ ತಿರುಗಿಸಿದೆ. ಕದಲಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟೆ, ಹಲ್ಲು ಕಚ್ಚಿದೆ, ದೇವರನ್ನು ನೆನೆದೆ. ಅರ್ಧ ಗಂಟೆಯಾದ ಮೇಲೆ ಮಗಳು ಮೊಬೈಲ್ ನೋಡಿಕೊಂಡೇ, ‘ಅಪ್ಪಾ, ಅದು ಉಲ್ಟಾ ಮರೆಯ ಸ್ಕ್ರೂ. ಡ್ರಿಲ್ ಹಿಮ್ಮುಖ ತಿರುಗಿದಾಗ ಚಕ್ ಕಳಚಿಕೊಳ್ಳಬಾರದು ಅಂತ ಹಾಗೆ ಮಾಡಿರ್ತಾರೆ. ನೀನು ಇಷ್ಟೊತ್ತೂ ಬಿಗಿ ಮಾಡ್ತಿದ್ದೆ’ ಎಂದಳು. ‘ಹಿಮ್ಮುಖ’ ಎಂಬ ಮಾತು ಅಂದೇ ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಇಳಿಯಲಿಲ್ಲ.

ಚಕ್ ಬಿಚ್ಚಿ ನೋಡಿದರೆ ಆರೋಗ್ಯವಾಗಿದೆ. ಉಳಿದದ್ದು ಗೇರ್ ಪೆಟ್ಟಿಗೆ. ಅಂಕಿ ಬರೆದ ಉಂಗುರ ಕಳಚಿದ್ದೇ ತಡ, ಹಿಂದಿನ ಸ್ಪ್ರಿಂಗು ಚಿಮ್ಮಿ, ಸಾಸಿವೆಗಿಂತ ಒಂಚೂರು ದಪ್ಪದ ಉಕ್ಕಿನ ಗುಂಡುಗಳು ಅಡುಗೆಮನೆಯತ್ತ ಓಟ ಕಿತ್ತವು. ಆರು ಇದ್ದವು. ಟಾರ್ಚ್ ಹಿಡಿದು ಫ್ರಿಜ್ಜಿನಡಿ ಬೋರಲಾಗಿ ತೆವಳಿ ಹೆಕ್ಕಿದ್ದು ಐದು ಗುಂಡು, ಒಂದು ಕಾಳುಮೆಣಸು. ಗ್ರೀಸ್ ಬಳಿದು ಐದನ್ನೇ ಕೂರಿಸಿ ಜೋಡಿಸಿದೆ. ಮತ್ತೆ ಹೊಗೆ.

ಹಬ್ಬದ ಹಿಂದಿನ ದಿನ ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಹುಡುಗ, ಚೌಕಟ್ಟಿನ ಮೇಲಿನ ಎರಡು ಕರೀ ಬೊಟ್ಟು ನೋಡಿ, ‘ದೃಷ್ಟಿಗಾ ಸಾರ್?’ ಎಂದ. ಡ್ರಿಲ್ ಕೈಗೆತ್ತಿಕೊಂಡು ಟ್ರಿಗರಿನ ಮೇಲಿನ ಪುಟ್ಟ ಸನ್ನೆಯನ್ನು ಹೆಬ್ಬೆರಳಿಂದ ಆಚೆ ತಳ್ಳಿದ. ‘ಟಕ್’. ‘ರಿವರ್ಸಲ್ಲಿತ್ತು.’ ಹತ್ತು ಸೆಕೆಂಡಿಗೆ ಎರಡು ತೂತು. ಕಾಲಡಿ ತೇಗದ ಸುರುಳಿ ಹೊಟ್ಟು. ದೀಪಾವಳಿಗೆ ಹಳೇ ಮಂಚದ ಸ್ಕ್ರೂ ಬಿಚ್ಚಿ, ಹಾಗೇ ಅಟ್ಟಕ್ಕೇರಿಸಿದವನು ನಾನೇ. ಡ್ರಿಲ್ ಹಿಮ್ಮುಖ ತಿರುಗುವುದುಂಟೆಂದು ಚಕ್ಕಿನೊಳಗಿನ ಆ ಒಂದಿಂಚಿನ ಸ್ಕ್ರೂಗೂ ಗೊತ್ತಿತ್ತು. ಡಿಗ್ರಿ ಇದ್ದದ್ದು ನನಗೆ.

ಓದುಗರೇ, ನಿಮ್ಮ ಡ್ರಿಲ್ ಕೊರೆಯದಿದ್ದರೆ ಸ್ಕ್ರೂಡ್ರೈವರ್ ಹುಡುಕುವ ಮುನ್ನ ಆ ಸನ್ನೆ ಯಾವ ಕಡೆಗಿದೆ ನೋಡಿ. ಹಾಗೆಯೇ, ಹಬ್ಬದೂಟದ ಸಾರಿನಲ್ಲಿ ನನ್ನ ಹಲ್ಲಿಗೆ ಸಿಕ್ಕಿದ್ದು ಕಾಳುಮೆಣಸೇ ಎಂದು ದಯವಿಟ್ಟು ನಂಬಿ.