ಮಾಯಾಖಡ್ಗ ಮೀಮಾಂಸೆ: ತಾರಿಹಾಳ ಪಂಥ

ಪೂರ್ವಪಕ್ಷ ಹೀಗಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಆಚಾರ್ಯದ್ವಯರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟವನ್ನು ಪ್ರವರ್ತಿಸಿದರು. ಆ ಸಂಪ್ರದಾಯದಲ್ಲಿ ‘ಪ್ಲಸ್ ಒನ್’ ಖಡ್ಗವೇ ಮಾಯಾಖಡ್ಗ. ಇಪ್ಪತ್ತು ಮುಖದ ದಾಳದ ಲೆಕ್ಕದಲ್ಲಿ ಈ ಒಂದಂಕದ ಮಹಿಮೆ ನೂರಕ್ಕೆ ಐದು. ಹುಬ್ಬಳ್ಳಿ ದುರ್ಗದಬೈಲಿನ ಬಟ್ಟೆ ಅಂಗಡಿಯವರು ದೀಪಾವಳಿಗೆ ಇದಕ್ಕಿಂತ ಹೆಚ್ಚು ಬಿಡುತ್ತಾರೆ. ಆದಕಾರಣ ಮುಂದಿನ ಗುಹೆಯಲ್ಲಿ ‘ಪ್ಲಸ್ ಟು’ ಸಿಕ್ಕಕೂಡಲೇ ಆಟಗಾರ ಹಳೆಯದನ್ನು ಗುಜರಿಗೆ ಹಾಕುವುದು ಶಾಸ್ತ್ರಸಮ್ಮತವೇ.

ಇದಕ್ಕೆ ತಾರಿಹಾಳ ಪಂಥದ ಖಂಡನೆ. ಹುಬ್ಬಳ್ಳಿಯ ಈ ಕೈಗಾರಿಕಾ ಪ್ರದೇಶದಲ್ಲಿ ಖಂಡೇನವಮಿಯಂದು ಲೇಥು ನಿಲ್ಲುತ್ತದೆ. ಜಿಡ್ಡು ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕುತ್ತಾರೆ. ಪಕ್ಕದ ಮಣೆಯ ಮೇಲೆ ಪಾನಾ, ಸುತ್ತಿಗೆ, ಮೈಕ್ರೋಮೀಟರು. ಹೊಸ ಹುಡುಗ ಕೈಚಾಚಿದರೆ ಹಿರಿಯ ಟರ್ನರ್ ಗದರುತ್ತಾನೆ: “ಏ ತಮ್ಮಾ, ಮುಟ್ಟಬ್ಯಾಡ, ಪೂಜಿಗೆ ಇಟ್ಟೇವಿ!” ಪೂಜೆಗೊಂಡ ಮೈಕ್ರೋಮೀಟರು ನಿನ್ನೆಯಂತೆ ಇವತ್ತೂ 0.01 ಮಿಲಿಮೀಟರಿನವರೆಗೇ ಅಳೆಯುತ್ತದೆ. ಒಂದಂಕವೂ ಏರಿಲ್ಲ, ಆದರೂ ಈಗ ಅದನ್ನು ಮುಟ್ಟಲು ಅಪ್ಪಣೆ ಬೇಕು. ಮರುದಿನ ಬನ್ನಿಯ ಎಲೆ ಬಂಗಾರವಾಗುವುದೂ ಹೀಗೆಯೇ: ಬೆಲೆ ಸೊನ್ನೆ, ಅವಧಿ ಒಂದು ಸಂಜೆ, ಹಿರಿಯರ ಕೈಗಿತ್ತು ಕಾಲಿಗೆರಗಬೇಕೆಂಬ ಕರಾರು. ಅದೇ ಜಾತಿಯ ಮರದಲ್ಲಿ ಪಾಂಡವರು ಆಯುಧ ಬಚ್ಚಿಟ್ಟು, ಯಾರೂ ಸುಳಿಯದಂತೆ ಒಂದು ಹೆಣವನ್ನೂ ಕಟ್ಟಿದ್ದರು. ಗುಹೆಗೆ ಬರೀ ಬೀಗ ಜಡಿಯುವ ಆಟದ ಸೂತ್ರಧಾರರು ಈ ಪ್ರಕರಣವನ್ನು ಎರಡು ಸಲ ಓದತಕ್ಕದ್ದು.

ಕರಾರೇ ಮಾಯೆ ಎಂಬುದು ನಮ್ಮ ಸೂತ್ರ. ಕರ್ಣನ ಶಕ್ತ್ಯಾಯುಧ ಇಂದ್ರ ಕೊಟ್ಟದ್ದು ಒಂದೇ ಪ್ರಯೋಗಕ್ಕೆ. ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಪಾಲಾಯಿತು. ಅದಕ್ಕೆ ‘ದಿನಕ್ಕೆ ಮೂರು ಬಾರಿ’ ಎಂದಿದ್ದರೆ ದ್ರೋಣಪರ್ವವನ್ನು ಯಾರು ಕೇಳುತ್ತಿದ್ದರು?

ಇನ್ನು ಸರ್ವೋತ್ತಮ ದೃಷ್ಟಾಂತ ಹುಬ್ಬಳ್ಳಿ ತಾಲೂಕಿನದ್ದೇ. ಕೋಳಿವಾಡದ ಕುಮಾರವ್ಯಾಸ ಗದುಗಿನ ವೀರನಾರಾಯಣನ ಗುಡಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಷಟ್ಪದಿ ಹರಿಯುತ್ತಿತ್ತು, ಆರಿದೊಡನೆ ನಿಲ್ಲುತ್ತಿತ್ತು ಎಂಬುದು ಐತಿಹ್ಯ. ಪ್ರಪಂಚದ ಯಾವ ಆಟದ ಕೈಪಿಡಿಯಲ್ಲೂ ಇಂಥ ಧೋತರವಿಲ್ಲ! ಆತ ಭಾರತವನ್ನು ಹತ್ತೇ ಪರ್ವಕ್ಕೆ ನಿಲ್ಲಿಸಿದ್ದಕ್ಕೆ ವಿದ್ವಾಂಸರು ನಾನಾ ಕಾರಣ ಹುಡುಕಿದ್ದಾರೆ. ಗದುಗಿನ ಬಿಸಿಲನ್ನು ಮಾತ್ರ ಯಾರೂ ವಿಚಾರಣೆಗೆ ಕರೆದಂತಿಲ್ಲ.

ಆಕ್ಷೇಪ: ಆ ಕಾಲಕ್ಕೆ ವಾಷಿಂಗ್ ಮಷಿನ್ನಿನ ಡ್ರೈಯರ್ ಇದ್ದಿದ್ದರೆ?

ಸಮಾಧಾನ: ಅದು ಕೌರವಪಕ್ಷದ ಅಸ್ತ್ರ.