ಒಂದೂವರೆ ದೇವರು

“ಅಲ್ಲಾ ಮೇಷ್ಟ್ರೇ, ಮೂವತ್ತಮೂರು ಕೋಟಿ ದೇವರು ಅಂತಾರಲ್ಲ, ಕೂತು ಎಣಿಸಿದವರು ಯಾರು?”

ಆಚೆಮನೆ ಅಕ್ಕ ದಾಸವಾಳದ ಸಂದಿಯಿಂದ ಕೇಳಿದರು. ಮೊಮ್ಮಗ ಕೇಳಿದ ಪ್ರಶ್ನೆಯಂತೆ. ಉತ್ತರ ಹೇಳದಿದ್ದರೆ ಅವನು ತಿಂಡಿ ತಿನ್ನುವುದಿಲ್ಲವಂತೆ.

ಕೋಟಿಯ ಲೆಕ್ಕ ನನಗೆ ಬೇಡ. ಆದರೆ ತುಂಬಿದ ಸಭೆಯಲ್ಲಿ ದೇವರನ್ನು ಎಣಿಸಿದ್ದುಂಟು ಅಂದೆ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯ. ವಿದೇಹದ ಜನಕರಾಜ ಯಾಗ ಮಾಡಿ, ಕುರು ಪಾಂಚಾಲ ದೇಶದ ಪಂಡಿತರನ್ನೆಲ್ಲ ಸೇರಿಸಿದ್ದ. 1000 ಹಸು ತಂದು ನಿಲ್ಲಿಸಿ, ಒಂದೊಂದರ ಕೊಂಬಿಗೂ ಹತ್ತು ಹತ್ತು ಪಾದ ಚಿನ್ನ ಕಟ್ಟಿಸಿದ್ದ. ನಿಮ್ಮಲ್ಲಿ ಬ್ರಹ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಇವನ್ನು ಹೊಡೆದುಕೊಂಡು ಹೋಗಿ ಅಂದ. ಯಾರೂ ಮಿಸುಕಲಿಲ್ಲ. ಯಾಜ್ಞವಲ್ಕ್ಯ ಮಾತ್ರ ಶಿಷ್ಯನನ್ನು ಕರೆದು, ಹಸು ಅಟ್ಟಿಕೊಂಡು ನಡಿಯಪ್ಪಾ ಅಂದುಬಿಟ್ಟ. ಚರ್ಚೆ ಇನ್ನೂ ಶುರುವೇ ಆಗಿಲ್ಲ! ನೀನೇನು ಎಲ್ಲರಿಗಿಂತ ಬಲ್ಲವನೋ ಅಂತ ಅರಮನೆಯ ಪುರೋಹಿತ ಅಶ್ವಲ ಕೆರಳಿದರೆ, ಬಲ್ಲವರಿಗೆ ನಮಸ್ಕಾರ ಸ್ವಾಮಿ, ನಮಗೆ ಬೇಕಾದ್ದು ಹಸು ಅಂದನಂತೆ.

“ಭೇಷ್! ಬದುಕೋದು ಗೊತ್ತಿದ್ದ ಮನುಷ್ಯ” ಅಂದರು ಅಕ್ಕ.

ಈಗ ಪರಬ್ರಹ್ಮ ಅಂದ ಕೂಡಲೇ ನಾವು ದನಿ ತಗ್ಗಿಸಿ ಕಣ್ಣು ಮುಚ್ಚುತ್ತೇವೆ. ಆ ಸಭೆಯಲ್ಲೋ ಒಬ್ಬರಾದ ಮೇಲೊಬ್ಬರು ತೋಳೇರಿಸಿಕೊಂಡು ಬಂದರು. ಕೊನೆಗೆ ಬಂದ ವಿದಗ್ಧ ಶಾಕಲ್ಯ, ದೇವರು ಎಷ್ಟು ಅಂದ. 3306 ಅಂದ ಯಾಜ್ಞವಲ್ಕ್ಯ. ಸರಿ, ನಿಜವಾಗಿ ಎಷ್ಟು? 33. ಸರಿ, ನಿಜವಾಗಿ? ಆರು. ಇನ್ನೂ ನಿಜವಾಗಿ? ಮೂರು. ಆಮೇಲೆ ಎರಡು, ಆಮೇಲೆ ಒಂದೂವರೆ, ಕಟ್ಟಕಡೆಗೆ ಒಂದು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ ಹಾಗೆ!

“ಒಂದೂವರೆ ದೇವರೇ? ಆ ಅರ್ಧ ಯಾರು ಮತ್ತೆ?”

ಆ ಒಂದೂವರೆಯೇ ಗಾಳಿಯಂತೆ. ಬೀಸುವುದು ಒಂದೇ ಆದರೂ ಅದು ಒಂದೂವರೆ ಹೇಗಾಯಿತು ಅಂದರೆ ಯಾಜ್ಞವಲ್ಕ್ಯ ಒಂದು ಮಾತಿನ ಚಮತ್ಕಾರ ಮಾಡಿ ಜಾರಿಕೊಂಡ. ಬೇಕೆಂದೇ ಕೀಟಲೆ ಮಾಡಿದ್ದಾನೆ ಅಂತ ನನ್ನ ಗುಮಾನಿ. 33 ಅಂದರೆ ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಜೊತೆಗೆ ಇಂದ್ರ, ಪ್ರಜಾಪತಿ. ಇದು ನೇರ ಲೆಕ್ಕ. ಆ ಕೊನೆಯ ಒಂದು? ಪ್ರಾಣ, ಅದೇ ಬ್ರಹ್ಮ ಅಂದ.

ಸರಿ, ಒಂದೇ ಅಂತಾಯಿತು. ಅದು ಹೇಗಿದೆ? ಇದನ್ನು ಶಾಕಲ್ಯನಿಗಿಂತ ಮೊದಲೇ ಅದೇ ಸಭೆಯಲ್ಲಿದ್ದ ಗಾರ್ಗಿ ಕೆದಕಿದ್ದಳು. ಎಲ್ಲವೂ ನೀರಿನಲ್ಲಿ ಹಾಸುಹೊಕ್ಕಾಗಿದೆಯಲ್ಲ, ನೀರು ಯಾವುದರಲ್ಲಿ ಹಾಸುಹೊಕ್ಕು ಅಂತ ಹಿಡಿದು, ಗಾಳಿ, ಅಂತರಿಕ್ಷ, ಸೂರ್ಯಲೋಕ, ಚಂದ್ರಲೋಕ ಹತ್ತಿ ಬ್ರಹ್ಮಲೋಕ ಮುಟ್ಟಿದಳು. ಅದರ ಆಚೆಗೆ ಅಂದಾಗ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಅಂದ ಯಾಜ್ಞವಲ್ಕ್ಯ. ಸುಮ್ಮನೆ ಕೂತಳು. ಸೋತಳೆನ್ನುವ ಹಾಗಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು, ಎರಡು ಬಾಣ ಹಿಡಿದು ಬಂದಿದ್ದೇನೆ, ಉತ್ತರ ಹೇಳು ಅಂದಳು. ಈ ಸಲ ಅವನು ತಲೆಯ ಮಾತೆತ್ತಲಿಲ್ಲ. ದಪ್ಪವಲ್ಲ, ತೆಳುವಲ್ಲ, ಗಿಡ್ಡವಲ್ಲ, ಉದ್ದವಲ್ಲ, ರುಚಿಯಿಲ್ಲ, ವಾಸನೆಯಿಲ್ಲ, ಒಳಗಿಲ್ಲ, ಹೊರಗಿಲ್ಲ ಅಂತ ಅಳಿಸುತ್ತ ಅಳಿಸುತ್ತ ಹೋದ. ಆದರೆ ಅದರ ಅಪ್ಪಣೆಯಲ್ಲೇ ಸೂರ್ಯಚಂದ್ರರು ನಿಂತಿದ್ದಾರೆ ಅಂತಲೂ ಸೇರಿಸಿದ.

“ಗುಣ ಒಂದೂ ಇಲ್ಲ ಅಂದಮೇಲೆ ಅಪ್ಪಣೆ ಕೊಡೋದು ಹೇಗೆ?” ಅಂದರು ಅಕ್ಕ.

ಅಕ್ಕ ಉಡುಪಿ ಕಡೆಯವರು, ಮಾಧ್ವರು. ನಮ್ಮದು ಶೃಂಗೇರಿ ಮಠದ ಶಿಷ್ಯ ಮನೆತನ. ಅವರು ಹಾಕಿದ ಪಟ್ಟು ನನಗೂ ಗೊತ್ತು. ಶಂಕರರಿಗೆ ಆ ‘ಅಲ್ಲ, ಅಲ್ಲ’ಗಳೇ ಮುಖ್ಯ: ಎಲ್ಲ ಅಳಿಸಿ ಉಳಿದದ್ದೇ ಬ್ರಹ್ಮ, ನಾವೂ ಅದೇ, ಅಪ್ಪಣೆ ಕೊಡುವ ಈಶ್ವರನೆಲ್ಲ ವ್ಯವಹಾರದ ಮಟ್ಟಿಗೆ. ಮೇಲುಕೋಟೆಯಲ್ಲಿ ನೆಲೆ ನಿಂತಿದ್ದ ರಾಮಾನುಜರಿಗೆ ಅದೇ ಸಭೆಯಲ್ಲಿ ಯಾಜ್ಞವಲ್ಕ್ಯ ಉದ್ದಾಲಕನಿಗೆ ಕೊಟ್ಟ ಉತ್ತರ ಮುಖ್ಯ: ಮಣ್ಣಿನೊಳಗಿದ್ದು, ಮಣ್ಣಿಗೇ ಗೊತ್ತಾಗದೆ, ಮಣ್ಣನ್ನೇ ಮೈಯಾಗಿ ಮಾಡಿಕೊಂಡು ಒಳಗಿನಿಂದ ನಡೆಸುವ ಅಂತರ್ಯಾಮಿ. ಜಗತ್ತು, ಜೀವ ಎರಡೂ ಮೈ, ನಾರಾಯಣ ಆತ್ಮ. ಅವರ ಪ್ರಕಾರ ಆ ‘ಅಲ್ಲ’ಗಳೆಲ್ಲ ಕೆಟ್ಟ ಗುಣಗಳಿಗೆ ಮಾತ್ರ, ಒಳ್ಳೆಯವು ಲೆಕ್ಕವಿಲ್ಲದಷ್ಟಿವೆ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರು ಇನ್ನೂ ಖಂಡಿತವಾದಿ: ಅವನೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ, ಮೋಕ್ಷವಾದರೂ ಜೀವ ಜೀವವೇ.

“ಅದೇ ಸರಿ. ನಡೆಸೋನು ಬೇರೆ, ನಡೆಯೋರು ಬೇರೆ.”

ನಾನು ವಾದಕ್ಕಿಳಿಯಲಿಲ್ಲ. ಹಿಂದೊಮ್ಮೆ ಇಳಿದಿದ್ದಕ್ಕೆ ತಿಂಗಳುಗಟ್ಟಲೆ ಅವರ ಮನೆಯ ಹಪ್ಪಳ ಬರುವುದು ನಿಂತಿತ್ತು. ಆದರೂ ಒಂದು ಮಾತು: ಮೇಲಿರುವುದು ಒಂದೇ ಅನ್ನುವುದರಲ್ಲಿ ಮೂವರಿಗೂ ತಕರಾರಿಲ್ಲ. ತಕರಾರೆಲ್ಲ ಅದಕ್ಕೆ ಗುಣ ಉಂಟೋ ಇಲ್ಲವೋ, ನಮಗೂ ಅದಕ್ಕೂ ಏನು ನಂಟು ಅನ್ನುವಲ್ಲಿ. ನಂಟಿನ ವಿಚಾರ ಎಲ್ಲಿ ಸಲೀಸಾಗಿ ಮುಗಿದಿದೆ ಹೇಳಿ?

“ಅದಿರಲಿ, ಗೆದ್ದವರು ಯಾರು?”

ತೀರ್ಪು ಕೊಟ್ಟವಳು ಗಾರ್ಗಿಯೇ. ಇವನಿಗೆ ಒಂದು ನಮಸ್ಕಾರ ಹಾಕಿ ಪಾರಾದರೆ ಅದೇ ದೊಡ್ಡದು ಅಂತ ಪಂಡಿತರಿಗೆ ಹೇಳಿ ಕೂತಳು. ಶಾಕಲ್ಯ ಕೇಳಲಿಲ್ಲ. ಕೊನೆಗೆ ಯಾಜ್ಞವಲ್ಕ್ಯ ತಿರುಗಿ ಹಾಕಿದ ಪ್ರಶ್ನೆಗೆ ಉತ್ತರ ಬಾರದೆ ಅವನ ತಲೆ ಉರುಳಿತು. ಎಲುಬನ್ನೂ ಬೇರೇನೋ ಅಂದುಕೊಂಡು ಕಳ್ಳರು ಹೊತ್ತೊಯ್ದರಂತೆ. ಯಾಜ್ಞವಲ್ಕ್ಯನಿಗೆ ಹಸು ದಕ್ಕಿತು. ಮುಂದಿನ ಅಧ್ಯಾಯದಲ್ಲಿ ಜನಕ ಮಾತು ಮಾತಿಗೂ ಇನ್ನೊಂದು ಸಾವಿರ ಕೊಡುತ್ತೇನೆ ಅನ್ನುತ್ತಾನೆ.

ಯಾಜ್ಞವಲ್ಕ್ಯನ ಮನೆಯಲ್ಲಿ ಇಬ್ಬರು ಹೆಂಡಿರು. ಮೈತ್ರೇಯಿ ಗಂಡನ ಜೊತೆ ಬ್ರಹ್ಮದ ಮಾತಾಡುವವಳು, ಕಾತ್ಯಾಯನಿ ಮನೆವಾರ್ತೆಯವಳು ಅಂದೆ. ಎರಡು ಹಸು ಸಾಕಿ ಸೊಂಟ ನೋಯಿಸಿಕೊಂಡಿರುವ ಅಕ್ಕ ಹೂಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟರು.

“ಸರಿಹೋಯ್ತು ಬಿಡಿ. ಸಾವಿರ ಹಸುವಿನ ಸೆಗಣಿ ಬಾಚಿದ್ದು ಕಾತ್ಯಾಯನಿಯೇ!”