ಪೌಂಡಿಗೆ ನಾಲ್ಕು

ಮಾಗಡಿ ಸೀಮೆಯ ಮದುವೆ ಮನೆಯಲ್ಲಿ ಊಟ ಮುಗಿದು ಎಲೆಅಡಿಕೆ ತಟ್ಟೆ ಜಗಲಿಗೆ ಬಂತೆಂದರೆ ಯಾರಾದರೊಬ್ಬರು ಒಂದು ಚಿರತೆಯನ್ನು ಹೊಡೆದೇ ತೀರುತ್ತಾರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೊಡೆಯುವುದೆಲ್ಲ ಬಾಯಲ್ಲೇ ಆದ್ದರಿಂದ ಚಿರತೆಗಳಿಗೇನೂ ನಷ್ಟವಿಲ್ಲ. ಬಂದೂಕಿನ ನಳಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ನನ್ನ ಸೋದರಮಾವನ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ್ದ ಒಂದು ಕೇಪಿನ ಬಂದೂಕಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಮಾವನ ಮಾತಿನಲ್ಲಿ ಹನ್ನೆರಡು ಬೋರಿನದಾಗಿತ್ತು. ನನ್ನ ಮದುವೆಯ ಹೊತ್ತಿಗೆ ಆನೆ ಕೆಡವುವ ರೈಫಲ್ಲೇ ಆಗಿಹೋಗಿತ್ತು.

ಇದರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಪಾಲೂ ಇದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದ ಕಾಡಿನ ಕಥೆಗಳನ್ನು ಅವರು ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂದು ಹೆಸರಿಟ್ಟರು. ರಟ್ಟಿನ ಮೇಲೆ ‘ಮಾಗಡಿ’ ಎಂದಿದ್ದದ್ದೇ ಸಾಕಾಯಿತು, ಮಾವ ಆ ಪುಸ್ತಕವನ್ನು ಪಹಣಿಯ ಜೊತೆ ಟ್ರಂಕಿನಲ್ಲಿಟ್ಟುಕೊಂಡರು. ಆಂಡರ್ಸನ್ ಕೈಲಿದ್ದದ್ದು .405 ವಿಂಚೆಸ್ಟರ್ ಎಂಬುದು ಅವರಿಗೆ ಬಾಯಿಪಾಠ. ಅಂಥದ್ದಕ್ಕೂ ನಾನೇ ಸೀಸದ ಗುಂಡು ಎರಕ ಹೊಯ್ದುಕೊಡಬಲ್ಲೆ ಎಂಬುದು ಅವರ ಸೇರ್ಪಡೆ.

ಬೋರಿನ ಲೆಕ್ಕದಲ್ಲಿ ಮಾವನಿಗೂ ನನಗೂ ಒಮ್ಮೆ ಜಟಾಪಟಿಯಾಯಿತು. ಮೈಸೂರು ಸಂಸ್ಥಾನದಲ್ಲಿ 1874ರಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ. ಪಿ. ಸ್ಯಾಂಡರ್ಸನ್ ಆನೆ ಬೇಟೆಗೆ ನಾಲ್ಕು ಬೋರಿನ ಬಂದೂಕು ಬಳಸುತ್ತಿದ್ದ ಎಂದೆ. ಮಾವನ ಮುಖ ಅರಳಿತು.

“ನಮ್ದು ಅನ್ನೆರಡು ಬೋರು, ಆ ದೊರೆದು ಬರೀ ನಾಕು. ಮೂರು ಪಟ್ಟು ಆಯ್ತಲ್ಲ ಲೆಕ್ಕ!”

“ಮಾವ, ಒಂದು ಪೌಂಡು ಸೀಸದಲ್ಲಿ ಹನ್ನೆರಡು ಗುಂಡು ಆದರೆ ಹನ್ನೆರಡು ಬೋರು, ನಾಲ್ಕೇ ಆದರೆ ನಾಲ್ಕು ಬೋರು. ಅವನ ಒಂದೊಂದು ಗುಂಡೂ 113 ಗ್ರಾಂ.”

“ಅಂಗಾದ್ರೆ ಕಮ್ಮಿ ಅಂದ್ರೆ ಜಾಸ್ತಿ ಅಂತೀಯಾ? ಯಾವ ಮುಟ್ಟಾಳ ಮಾಡಿದ್ದು ಈ ಲೆಕ್ಕ?”

ಇಂಗ್ಲಿಷರು ಎಂದೆ. “ಅದ್ಕೇ ಓದ್ರು” ಎಂದು ಮಾವ ಸ್ವಾತಂತ್ರ್ಯ ಸಂಗ್ರಾಮವನ್ನು ಎರಡೇ ಪದದಲ್ಲಿ ಮುಗಿಸಿದರು.

ಅರ್ಧ ಪೌಂಡಿನ ಗುಂಡೂ ಇತ್ತು. ಆಫ್ರಿಕಾದಲ್ಲಿ ಅಲೆದಾಡಿದ ಸ್ಯಾಮುಯೆಲ್ ಬೇಕರ್ ತನ್ನ ಅಂಥ ಬಂದೂಕಿಗೆ ‘ಬೇಬಿ’ ಎಂದು ಮುದ್ದಿನ ಹೆಸರಿಟ್ಟಿದ್ದ. ಹೊಡೆದಾಗಲೆಲ್ಲ ಅದು ಅವನನ್ನೇ ಗಿರ್ರನೆ ತಿರುಗಿಸುತ್ತಿತ್ತು. ದಪ್ಪ ನಳಿಗೆಯ ಬಂದೂಕಿನ ಏಟು ಎದುರಿನ ಪ್ರಾಣಿಗೆ ತಗಲುವುದು ಅದೃಷ್ಟದ ಮಾತು, ಹಿಂದಿನವನ ಭುಜಕ್ಕೆ ಖಾತ್ರಿ.

ಮಾವನ ಎರಕದ ಕಾರ್ಖಾನೆ ಹಿತ್ತಲಿನ ಮೂರು ಕಲ್ಲಿನ ಒಲೆ. ಸೀಸ ಬರುತ್ತಿದ್ದದ್ದು ಚನ್ನಪಟ್ಟಣದ ಹತ್ತಿರದ ಕಣ್ವ ಜಲಾಶಯದ ಹರಿದ ಮೀನುಬಲೆಗಳಿಂದ. ಶುದ್ಧ ಸೀಸ ಉಗುರಿನಲ್ಲಿ ಗೀರಿದರೂ ಗುರುತು ಬೀಳುವಷ್ಟು ಮೆತ್ತಗೆ. ಆನೆಯ ಬುರುಡೆಗೆ ತಗುಲಿದರೆ ಚಪ್ಪಟೆಯಾದೀತೆಂದು ಹಿಂದಿನ ದೊರೆಗಳು ಅದಕ್ಕೆ ತವರವನ್ನೋ ಪಾದರಸವನ್ನೋ ಬೆರೆಸುತ್ತಿದ್ದರು. ಮಾವನಿಗೆ ತವರ ಸಿಗುತ್ತಿದ್ದದ್ದು ಪಾತ್ರೆಗೆ ಕಲಾಯಿ ಹಾಕುವ ಸಾಬರಿಂದ. ಹೀಗೆ ಅತ್ತೆಯ ಹಿತ್ತಾಳೆ ಕೊಳಗಕ್ಕೆ ಸೇರಬೇಕಾದದ್ದು ಇಲ್ಲದ ಆನೆಯ ಬುರುಡೆಗೆ ಮೀಸಲಾಗುತ್ತಿತ್ತು.

ಸೀಸ 327 ಡಿಗ್ರಿಗೆ ಕರಗುತ್ತದೆ. ಕರಗಿದರೂ ಕೆಂಪಗಾಗದೆ, ತಣ್ಣಗಿರುವಂತೆ ಬೆಳ್ಳಗೆ ನಗುತ್ತಿರುತ್ತದೆ. ಅದಕ್ಕೇ ಮುಟ್ಟಿ ಸುಟ್ಟುಕೊಳ್ಳುವವರು ಜಾಸ್ತಿ. ಅಚ್ಚು ಕಾಯದಿದ್ದರೆ ಮೊದಲ ಕೆಲವು ಗುಂಡುಗಳು, ಹಂಚು ಕಾಯದ ಮೊದಲ ದೋಸೆಯಂತೆ, ಸುಕ್ಕುಸುಕ್ಕಾಗಿ ಬರುತ್ತವೆ. ಅವನ್ನು ಮತ್ತೆ ಕರಗಲು ಹಾಕಬೇಕು. ಕಾದ ಅಚ್ಚಿನ ಕಬ್ಬಿಣದ ಹಿಡಿ ಕೈ ಸುಡುತ್ತದೆಂದು ಮಾವ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯೊಬ್ಬರಿಂದ ಆಲೆಮರದ ಹಿಡಿ ಕಡೆಸಿಕೊಂಡು ಬಂದರು. ಕೆಂಪು, ಹಳದಿ, ಹಸಿರು ಪಟ್ಟಿಗಳ ಮೇಲೆ ಬೊಂಬೆಯ ಹೊಳಪು. ಜಗತ್ತಿನಲ್ಲಿ ಅಷ್ಟು ಸಂತೋಷವಾಗಿ ಕಾಣುವ ಗುಂಡಿನ ಅಚ್ಚು ಇನ್ನೊಂದಿರಲಾರದು. ಆದರೆ ಆ ಬಣ್ಣ ಅರಗಿನದು. ಅರಗಿನ ಸ್ವಭಾವವೇ ಬಿಸಿಗೆ ಮೆತ್ತಗಾಗುವುದು. ಮಾವನ ಅಂಗೈ ಹಿಡಿಗೆ ಅಂಟಿಕೊಂಡಿತು. ಬಿಡಿಸಿಕೊಂಡಾಗ ಅಂಗೈ ತುಂಬ ಮೂರು ಬಣ್ಣದ ಪಟ್ಟಿ.

ಆ ಹಿತ್ತಲಿನಲ್ಲಿ ನಿಜವಾದ ವಿಜ್ಞಾನಿ ಅತ್ತೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆಂದು ಒದ್ದೆ ಕೈಯವರನ್ನು ಒಲೆಯ ಬಳಿ ಸೇರಿಸುತ್ತಿರಲಿಲ್ಲ. ಸೀಸ ಮುಟ್ಟಿದ ಸೌಟನ್ನು ಹೊಸಿಲು ದಾಟಿಸಲು ಬಿಡುತ್ತಿರಲಿಲ್ಲ. “ಆ ಸೌಟಲ್ಲೇ ಉಣ್ಕಳಿ, ನನ್ನ ಸಾರಿನ ತಾವ ತರಬ್ಯಾಡಿ” ಎನ್ನುತ್ತಿದ್ದರು. ವೈದ್ಯರು ಹೇಳುವುದೂ ಅದನ್ನೇ, ಸ್ವಲ್ಪ ಉದ್ದವಾಗಿ.

ಇಷ್ಟೆಲ್ಲ ಆದ ಮೇಲೆ ಹಿತ್ತಲ ಮಣ್ಣಿನ ದಿಬ್ಬಕ್ಕೆ ಒಂದು ಈಡು. ಆಮೇಲೆ ಗುದ್ದಲಿ ತಂದು ದಿಬ್ಬ ಅಗೆದು, ಅಪ್ಪಚ್ಚಿಯಾದ ಗುಂಡನ್ನು ಹುಡುಕಿ ಮತ್ತೆ ಒಲೆಗೆ. ವರ್ಷಗಟ್ಟಲೆ ಅದೇ ಸೀಸ ನಳಿಗೆಯಿಂದ ದಿಬ್ಬಕ್ಕೆ, ದಿಬ್ಬದಿಂದ ಬಾಣಲೆಗೆ ಓಡಾಡಿಕೊಂಡಿತ್ತು. ಬಂದೂಕು ಕಾಯಬೇಕಿದ್ದ ಹೊಲದಲ್ಲಿ ಕಾಡುಹಂದಿಗಳು ಅಷ್ಟರಲ್ಲಿ ಕಡಲೆಕಾಯಿ ಮುಗಿಸಿರುತ್ತಿದ್ದವು. ಕನಕಪುರದ ಕಡೆಯ ನಮ್ಮ ಬೀಗರಿಗೆ ಹಂದಿಯ ಜೊತೆಗೆ ಆನೆಯ ಕಾಟವೂ ಇದೆ, ಪಕ್ಕದಲ್ಲೇ ಕಾವೇರಿ ವನ್ಯಧಾಮ. ಅವರು ತಗಡಿನ ಡಬ್ಬ ಬಡಿಯುತ್ತಾರೆ. ಆನೆ ಮನಸ್ಸು ಬಂದರೆ ಹೋಗುತ್ತದೆ.

ಇನ್ನು .405ಕ್ಕೂ ಎರಕ ಹೊಯ್ಯುವ ಮಾವನ ಪಂಥ. 1886ರಲ್ಲಿ ಫ್ರೆಂಚರು ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲ್ ತಂದ ಮೇಲೆ ಗುಂಡುಗಳ ವೇಗ ಏರಿತು. ಅಷ್ಟು ವೇಗದಲ್ಲಿ ಬರಿಸೀಸ ನಳಿಗೆಯೊಳಗಿನ ತಿರುಪುಗೀರಿಗೆ ಮೆತ್ತಿಕೊಂಡು ಗುರಿ ಕೆಡಿಸುತ್ತದೆಂದು ತಾಮ್ರದ ಅಂಗಿ ತೊಡಿಸಿದರು. ಆಂಡರ್ಸನ್ನನ ರೈಫಲ್ ಸುಮಾರು 19 ಗ್ರಾಂ ಗುಂಡನ್ನು ಸೆಕೆಂಡಿಗೆ 2200 ಅಡಿಯಂತೆ ಎಸೆಯುವಂಥದ್ದು. ಮೀನುಬಲೆಯ ಸೀಸ ಅಲ್ಲಿ ಬಾಳುತ್ತಿರಲಿಲ್ಲ. ದಪ್ಪ ನಳಿಗೆಯ ನಿಧಾನದ ಗುಂಡಿಗೆ ಅಂಗಿ ಬೇಕಿಲ್ಲ. ಸಣ್ಣ ಗುಂಡು ಮೈಹೊಕ್ಕ ಮೇಲೆ ಅರಳಬೇಕು, ಅರ್ಧ ಅಂಗುಲದ್ದು ಅರಳಿಕೊಂಡೇ ಹುಟ್ಟಿರುತ್ತದೆ. ಅದಕ್ಕೇ ಅಮೆರಿಕದ ಹಳೇ .45-70 ರೈಫಲ್ಲಿಗೆ ಈಗಲೂ ಜನ ಮನೆಯಲ್ಲೇ ಎರಕ ಹೊಯ್ದು, ಜೇನುಮೇಣ ಸವರಿ ಹೊಡೆಯುತ್ತಾರೆ. ಇದನ್ನೆಲ್ಲ ವಿವರಿಸಿದಾಗ ಮಾವ, “ಅಂಗಾದ್ರೆ ಆಂಡರ್ಸನ್ ಸಾಹೇಬಂದೇ ಚಿಕ್ಕ ಬಂದೂಕು ಅನ್ನು” ಎಂದು ಪಂಥ ಗೆದ್ದರು.

ಬಂದೂಕು ಕೊನೆಕೊನೆಗೆ ಮನೆಯಲ್ಲಿದ್ದದ್ದೇ ಅಪರೂಪ. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಪ್ಪಿಸಬೇಕಿತ್ತು. ಗ್ರಾಮ ಪಂಚಾಯಿತಿಯಿಂದ ಲೋಕಸಭೆವರೆಗೆ ನಮ್ಮಲ್ಲಿ ಚುನಾವಣೆಗೇನು ಬರ? ಮಾವ ಸಾಯುವ ಮೊದಲು ಅದನ್ನು ಪೂರ್ತಿ ಒಪ್ಪಿಸಿಬಿಟ್ಟರು. ಅಚ್ಚು ಮಾತ್ರ ಅಟ್ಟದಲ್ಲಿ ಉಳಿಯಿತು.

ಸೀಸದ ಕಥೆ ಈಗ ಹದ್ದುಗಳ ಕಡೆ ತಿರುಗಿದೆ. ಬೇಟೆಯ ಮಾಂಸದಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ನಮ್ಮ ರಣಹದ್ದುಗಳನ್ನು ಮುಗಿಸಿದ್ದು ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಅದನ್ನು 2006ರಲ್ಲಿ ನಿಷೇಧಿಸಿದರು. ಅಳಿದುಳಿದವಕ್ಕೆಂದು 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಸಿನಿಮಾದ ಗಬ್ಬರ್ ಸಿಂಗ್ ಬಂದೂಕು ಹಿಡಿದು ಓಡಾಡಿದ ಬಂಡೆಗಳ ನೆರೆಯಲ್ಲೇ ಈಗ ಅವುಗಳ ಧಾಮ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಗುಂಡು, ಅಚ್ಚು ಇದ್ದರೆ ಮಕ್ಕಳ ಕೈಗೆ ಗೋಲಿಯಾಡಲು ಕೊಡಬೇಡಿ. ಕಥೆಯ ಬೋರನ್ನು ಬೇಕಾದಷ್ಟು ದಪ್ಪ ಮಾಡಿಕೊಳ್ಳಿ, ಅದಕ್ಕೆ ಲೈಸೆನ್ಸ್ ಬೇಡ. ಆದರೆ ಅಟ್ಟದ ಮೂಲೆಯಲ್ಲಿ ಹಳೆಯ ಸೌಟೊಂದು ಸಿಕ್ಕಿದರೆ, ಎಷ್ಟೇ ಬೆಳಗಿದರೂ ಅದರಲ್ಲಿ ಸಾರು ಬಡಿಸಬೇಡಿ.